ದೇವರ ತಲೆಗೆ ಕಟ್ಟಿದ ಪ್ರಳಯ

ಸತ್ತವರ ಮನೆಯಿಂದ ಕಾಗದದಲ್ಲಿ ಸುತ್ತಿದ ಬಿಸ್ಕತ್ತು ಬಂದರೆ ಮಣ್ಣಿಗೆ ಬನ್ನಿ ಎಂದು ಕರೆದ ಹಾಗೆ. ಯಾರ್ಕ್‌ಶೈರಿನ ಆ ಕಣಿವೆಯಲ್ಲಿ ಬದ್ಧವೈರಿಯೂ ಅದನ್ನು ಹಿಂದಿರುಗಿಸುವುದಿಲ್ಲ. ಹೆಸ್ಟರ್ ತನ್ನ ಗಂಡ ಜೋನಸ್‌ನ ಮಣ್ಣಿಗೆಂದು ಹಂಚಿದ ಬಿಸ್ಕತ್ತುಗಳೆಲ್ಲ ಸಂಜೆಯೊಳಗೆ ಅವಳ ಹೊಸ್ತಿಲಿಗೇ ವಾಪಸು ಬಂದು ಬಿದ್ದಿದ್ದವು.

ಜೋನಸ್ ಗಿರಣಿಯ ಅಣೆಕಟ್ಟಿನ ಕಾವಲುಗಾರ. ಕಟ್ಟೆ ಒಡೆದು ಅರ್ಧ ಊರು ಕೊಚ್ಚಿಹೋಯಿತು, ಅವನೂ ಹೋದ. ಕುಡಿದು ಮಲಗಿದ್ದ ಎಂದು ಊರು ತೀರ್ಮಾನಿಸಿಬಿಟ್ಟಿತು. ಕಟ್ಟೆಯ ಬುಡದಲ್ಲಿ ಕೆಸರುನೀರು ಜಿನುಗುತ್ತಿದೆ ಎಂದು ಹೇಳಲು ಅವನು ಗಿರಣಿ ಧಣಿಯ ಬಾಗಿಲಿಗೆ ಅಲೆದು ಅಲೆದು ಸೋತಿದ್ದು ಹೆಸ್ಟರ್ ಒಬ್ಬಳಿಗೇ ಗೊತ್ತು. ಹೆಂಡತಿಯ ಮಾತಿಗೆ ಯಾರು ಸೊಪ್ಪು ಹಾಕುತ್ತಾರೆ?

ಸತ್ತವರ ಸ್ಮಾರಕದ ಕಲ್ಲು ನಿಲ್ಲಿಸುವವನೂ ಅದೇ ಧಣಿ. ಅದರ ಮಾತಾಡಲು ಪಾದ್ರಿ ಅವಳ ಅಡುಗೆಮನೆಗೆ ಬಂದು ಕೂತರು.

“ಕಲ್ಲಿನ ಮೇಲೆ ‘ಕ್ಯಾಟಾಸ್ಟ್ರಫಿ’ ಅಂತ ಕೆತ್ತಿಸೋಣ ಅಂದಿದ್ದೆ. ಧಣಿಗಳು ‘ಕ್ಯಾಟಕ್ಲಿಸಮ್’ ಅಂತಲೇ ಆಗ್ಬೇಕು ಅಂತಾರೆ.”

“ಎರಡೂ ಹಾಳಾಗಿ ಹೋಗೋದೇ ಅಲ್ವಾ ಸ್ವಾಮಿ?”

“ಹೌದು. ಆದ್ರೆ ಮೊದಲನೇದು ಬರೀ ದುರಂತ, ಓದಿದವರು ಯಾರ ತಪ್ಪು ಅಂತ ಕೇಳ್ತಾರೆ. ಎರಡನೇದು ಜಲಪ್ರಳಯ, ನೋಹನ ಕಾಲದಲ್ಲಿ ಆಯ್ತಲ್ಲ, ಹಾಗೆ. ದೇವರು ಕಳಿಸಿದ್ದು, ಯಾರೂ ಕೇಳೋ ಹಾಗಿಲ್ಲ.” ಪಾದ್ರಿ ಟೋಪಿಯ ಅಂಚು ತಿರುವಿದರು. “ನೀನು ಇದಕ್ಕೆ ಹೂಂ ಅಂದು, ಆ ಕೆಸರುನೀರಿನ ಮಾತು ಎಲ್ಲೂ ಎತ್ತದೆ ಇದ್ರೆ, ಜೋನಸ್ ಹೆಸರೂ ಕಲ್ಲಿನ ಮೇಲೆ ಬರತ್ತೆ. ಇಲ್ದಿದ್ರೆ ಇಲ್ಲಮ್ಮ.”

ಇಂಥ ವ್ಯಾಪಾರವನ್ನು ಸಾವಿನ ಮನೆಗೆ ತರುತ್ತಾರಲ್ಲ, ಇವರ ನಾಲಿಗೆಗೆ ಏನು ಹೇಳಬೇಕು! ಆದರೆ ಗಂಡ ಕುಡುಕನೆನಿಸಿಕೊಂಡು ಮಣ್ಣಾಗಿದ್ದ. ಅವನ ಮೇಲಿನ ಮಸಿ ಹೋದರೆ ಸಾಕಿತ್ತು ಅವಳಿಗೆ. ಹೂಂ ಎಂದಳು.

ಕಲ್ಲು ನಿಂತ ಮರುವಾರ ನೆರೆಮನೆಯ ಡಾರ್ಕಸ್ ಬಂದಳು. ಅವಳ ಎರಡೂ ಮಕ್ಕಳನ್ನು ನೀರು ಹೊತ್ತೊಯ್ದಿತ್ತು. ಅಂದು ಎಲ್ಲರಿಗಿಂತ ಮೊದಲು ಬಿಸ್ಕತ್ತು ತಂದು ಎಸೆದವಳೂ ಅವಳೇ. ಈಗ ಅವಳೇ ಒಂದನ್ನು ಹಿಡಿದುಕೊಂಡು ನಿಂತಿದ್ದಳು.

“ಅತ್ತೆ ಹೋಗ್ಬಿಟ್ರು. ಮಣ್ಣಿಗೆ ಬಾ.” ಆದರೂ ಅವಳು ಕದಲಲಿಲ್ಲ. “ಇಷ್ಟು ದಿನ ನಿನ್ನ ಗಂಡನ್ನ ಬೈಕೊಂಡೇ ಜೀವ ಹಿಡಕೊಂಡಿದ್ದೆ ಕಣೇ. ಈಗ ಕಲ್ಲಿನ ಮೇಲೆ ದೇವರ ಪ್ರಳಯ ಅಂತ ಕೆತ್ತಿದ್ದಾರೆ, ಯಾರನ್ನ ಬೈಲಿ? ನೀನು ಕಟ್ಟೆ ಪಕ್ಕದಲ್ಲೇ ಇದ್ದವಳು. ನಿಜ ಹೇಳು, ನನ್ನ ಮಕ್ಕಳನ್ನ ತಗೊಂಡಿದ್ದು ದೇವರೇನಾ?”

ಗುಡ್ಡದ ಮೇಲೆ ಧಣಿಯ ಆಳುಗಳು ಹೊಸ ಕಟ್ಟೆಗೆ ಅದೇ ಹಳೇ ಮಣ್ಣನ್ನು ತುಂಬುತ್ತಿದ್ದರು. ದೇವರ ಕೆಲಸ ಎಂದಾದ ಮೇಲೆ ಅದನ್ನು ಕೇಳುವವರು ಯಾರು?

ಹೆಸ್ಟರ್ ಎರಡೂ ಕೈಯಲ್ಲಿ ಬಿಸ್ಕತ್ತು ತೆಗೆದುಕೊಂಡಳು.

“ಹೌದು ಕಣೇ, ದೇವರೇ” ಎಂದಳು.