ನಿಲ್ಲುವ ಸರದಿ

ಬೆಳಗ್ಗೆ ಹತ್ತು ಗಂಟೆಗೆ ಟೀಚರ್ ಶವದ ಪೆಟ್ಟಿಗೆ ಶಾಲೆಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಎರಡು ಕದಗಳಲ್ಲಿ ಎಡಗಡೆಯದರ ತಿರುಗಣಿ ಮುರಿದು ವರ್ಷಗಳಾಗಿದ್ದವು. ಹೊಸದು ಹಾಕಿಸಲಾಗದೆ ಯಾರೋ ಅದಕ್ಕೆ ಮೊಳೆ ಹೊಡೆದು ಮುಚ್ಚಿದ್ದರು.

"ಓರೆ ಮಾಡ್ರೋ, ಒಳಗೆ ಹೋಗುತ್ತೆ," ಎಂದ ಮುಂದಿನ ತುದಿ ಹಿಡಿದಿದ್ದ ನಲ್ಲಿ ರಿಪೇರಿಯವನು. ಇದೇ ಶಾಲೆಯಲ್ಲಿ ಓದುವಾಗ ಅವನನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಈಗ ಹೊಟ್ಟೆ ಬಂದಿದೆ, ಹೆಸರು ಮಾತ್ರ ಬದಲಾಗಿಲ್ಲ.

"ಓರೆ ಮಾಡಿದ್ರೆ ಟೀಚರ್ ಎದ್ದು ಕೂತು ಬೈತಾರೆ," ಎಂದ ಹಿಂದಿನ ತುದಿ ಹಿಡಿದಿದ್ದ ದರ್ಜಿ. "ಮೊಳೆ ಕೀಳು. ಇಷ್ಟು ವರ್ಷ ಯಾರೂ ಕೀಳಲಿಲ್ಲ, ನೀನಾದ್ರೂ ಕೀಳು."

ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಳಿಸಿ ಕಡ್ಡಿ ತನ್ನ ಚೀಲದಿಂದ ಇಕ್ಕಳ ತೆಗೆದ.

ಟೀಚರ್ ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಅವಳು ನಗರದ ಬಸ್ಸು ಓಡಿಸುವವಳು. ಕೆಲಸದ ದಿನಗಳಲ್ಲಿ ಹೇಗೋ ಹಾಗೆ ಇವತ್ತೂ ಕೂದಲು ಬಿಗಿಯಾಗಿ ಕಟ್ಟಿದ್ದಳು. ಅವಳ ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದಳು.

"ಮನೇಲೇ ಇಟ್ಟಿದ್ರೆ ಆಗ್ತಿರಲಿಲ್ವೇನೇ? ಈ ಹಾಳು ಕಟ್ಟಡಕ್ಕೇ ತರಬೇಕಾಗಿತ್ತಾ ಅಕ್ಕನ್ನ?"

"ಮನೆಗಾದ್ರೆ ಅವನು ಬರ್ತಿರಲಿಲ್ಲ ಚಿಕ್ಕಮ್ಮ."

"ಯಾವನು?"

"ಶಾಲೇಲಿ ಅಂದ್ರೆ ಪೇಪರಿನೋರು ಬರ್ತಾರೆ. ಪೇಪರಿನೋರು ಬಂದ ಕಡೆ ಅವನೂ ಬರ್ತಾನೆ."

ಚಿಕ್ಕಮ್ಮ ಅವಳ ತೋಳು ಹಿಡಿದಳು. "ಇವತ್ತು ಬೇಡ ಕಣೇ. ಹೆಣದ ಮುಂದೆ ಜಗಳ ತೆಗೀಬೇಡ."

"ಜಗಳ ಯಾಕೆ? ನಾನು ಅವನ ಹತ್ರ ಒಂದು ಮಾತೂ ಆಡಲ್ಲ."

ಅವಳ ಹೆಗಲ ಚೀಲದಲ್ಲಿ ಅಮ್ಮನ ಕೈಗಂಟೆ ಇತ್ತು. ಸದ್ದಾಗದಂತೆ ಅದರ ನಾಲಿಗೆಗೆ ಕರವಸ್ತ್ರ ಸುತ್ತಿದ್ದಳು.

*

ಆ ರಾಜ್ಯದಲ್ಲಿ ಸರ್ಕಾರಿ ಶಾಲೆಗಳು ನಡೆಯುವುದು ಆಯಾ ಬಡಾವಣೆಯ ಮನೆತೆರಿಗೆಯಿಂದ. ಮೇಲಿನ ಬಡಾವಣೆಯಲ್ಲಿ ತೋಟವಿರುವ ಮನೆಗಳು, ಅಲ್ಲಿಯ ಶಾಲೆಗೆ ಈಜುಕೊಳ. ಕೆಳಗಿನ ಬಡಾವಣೆಯಲ್ಲಿ ಗೋದಾಮುಗಳು ಮತ್ತು ಅವುಗಳ ಮಧ್ಯೆ ಸಾಲುಮನೆಗಳು. ಗೋದಾಮುಗಳಿಗೆ ತೆರಿಗೆ ವಿನಾಯಿತಿ. ಅಲ್ಲಿಯ ಶಾಲೆಯಲ್ಲಿ ಮಕ್ಕಳಿಗೆ ಸಾಕಾಗುವಷ್ಟು ಕುರ್ಚಿಗಳಿರಲಿಲ್ಲ.

ನೆಲ ಸದಾ ತೇವ. ಅದರ ಮೇಲೆ ಮಕ್ಕಳನ್ನು ಕೂರಿಸಲು ಟೀಚರ್ ಒಪ್ಪಲಿಲ್ಲ. ಅವರು ಒಂದು ಪದ್ಧತಿ ಮಾಡಿದರು. ಪಾಠದ ಮೊದಲರ್ಧ ಒಬ್ಬರು ಕೂರಬೇಕು, ಇನ್ನೊಬ್ಬರು ಆ ಕುರ್ಚಿಯ ಹಿಂದೆ ನಿಲ್ಲಬೇಕು. ಗಂಟೆ ಒಮ್ಮೆ ಬಾರಿಸಿದಾಗ ಕೂತವರು ಎದ್ದು, ಎಡಕ್ಕೆ ಒಂದು ಹೆಜ್ಜೆ ಸರಿದು, ಕುರ್ಚಿಯ ಬೆನ್ನಿನ ಮೇಲೆ ಬಲಗೈ ಇಟ್ಟು, ಹಿಂದಿನವರಿಗೆ "ಈಗ ನಿಂದು" ಎನ್ನಬೇಕು. ನಿಂತವರು ಬಲಗಡೆಯಿಂದ ಬಂದು ಕೂರಬೇಕು. ತಳ್ಳಾಟವಿಲ್ಲ, ಓಡಾಟವಿಲ್ಲ. ಮಕ್ಕಳು ವರ್ಷಗಟ್ಟಲೆ ಹೀಗೆ ಮಾಡಿದರು. ಕೊನೆಕೊನೆಗೆ ಅವರು ಗಂಟೆಯನ್ನು ಕೇಳುತ್ತಲೂ ಇರಲಿಲ್ಲ, ಕಾಲುಗಳೇ ಕೇಳಿಸಿಕೊಂಡು ಏಳುತ್ತಿದ್ದವು.

ಗೋದಾಮು ಕಾವಲುಗಾರನ ಮಗನೊಬ್ಬ ಬಂದ ಮೊದಲ ದಿನವೇ ಅತ್ತಿದ್ದ. ಅವನ ಮೂಗು ಸದಾ ಸುರಿಯುತ್ತಿತ್ತು, ಹಾಗಾಗಿ ನೆಗಡಿ ಎಂದು ಹೆಸರು ಬಿದ್ದಿತ್ತು.

"ನಾನೇನು ತಪ್ಪು ಮಾಡ್ದೆ ಟೀಚರ್? ನನ್ನ ಯಾಕೆ ನಿಲ್ಲಿಸಿದ್ದೀರಿ?"

"ನೀನೇನೂ ಮಾಡಿಲ್ಲ ಕಣೋ. ತಪ್ಪು ಮಾಡಿದೋರು ಇಲ್ಲಿಗೆ ಬರಲ್ಲ." ಟೀಚರ್ ಗೋಡೆಯ ಬಳಿಯಿದ್ದ ತಮ್ಮ ಕುರ್ಚಿಯನ್ನು ಎಳೆದು ತಂದು ಅವನ ಮುಂದಿಟ್ಟರು. "ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ನಾನು ನಿಂತೇ ಪಾಠ ಮಾಡ್ತೀನಿ."

ಟೀಚರ್ ಕುರ್ಚಿಯಲ್ಲಿ ಮೊದಲು ಕೂತ ವಿದ್ಯಾರ್ಥಿ ನೆಗಡಿ. ಆಮೇಲೆ ಆ ಶಾಲೆ ಬಿಡುವವರೆಗೂ ತರಗತಿಯಲ್ಲಿ ಟೀಚರ್ ಕೂತದ್ದನ್ನು ಯಾರೂ ನೋಡಲಿಲ್ಲ.

*

ಹನ್ನೊಂದರ ಹೊತ್ತಿಗೆ ಎರಡು ಕಾರುಗಳು ಬಂದವು. ಶಾಲಾ ಹಣಕಾಸು ಸಮಿತಿಯ ಅಧ್ಯಕ್ಷರು ಮೊದಲನೆಯದರಿಂದ ಇಳಿದರು. ಬಿಳಿ ಅಂಗಿ, ಒಣಗಿದ ಮೂಗು. ಅವರ ಹಿಂದೆ ಸಮಿತಿಯ ಇಬ್ಬರು ಸದಸ್ಯರು, ಮೇಲಿನ ಶಾಲೆಯ ಮುಖ್ಯೋಪಾಧ್ಯಾಯರು. ವರದಿಗಾರ್ತಿಯೊಬ್ಬಳು ಆಗಲೇ ಬಂದು ಕಿಟಕಿಯ ಪಕ್ಕ ನಿಂತಿದ್ದಳು.

"ಬಂದ ನೋಡೋ ನೆಗಡಿ," ಎಂದ ಕಡ್ಡಿ, ತುಟಿ ಅಲ್ಲಾಡಿಸದೆ.

"ಮೆಲ್ಲಗೆ," ಎಂದ ದರ್ಜಿ. "ಈಗ ಅವರು ಸಾಹೇಬ್ರು."

"ಸಾಹೇಬ್ರಿಗೆ ನನ್ನ ಟವೆಲ್ ಎಷ್ಟು ಸಲ ಕೊಟ್ಟಿದ್ದೀನಿ ಅಂತ ಕೇಳು."

ಅಧ್ಯಕ್ಷರು ಪೆಟ್ಟಿಗೆಯ ಮೇಲೆ ಹೂವಿಟ್ಟು ಮಗಳ ಕಡೆ ತಿರುಗಿದರು. "ತಾಯಿಯಂಥವರಮ್ಮ. ಇದ್ದುದರಲ್ಲೇ ತೃಪ್ತಿ. ಒಂದು ದಿನ ಕೊರಗಿದವರಲ್ಲ. ಅದನ್ನೇ ಎರಡು ಮಾತಲ್ಲಿ ಹೇಳಬೇಕು ಅಂತಿದ್ದೀನಿ."

ಮಗಳು ತಲೆಯಾಡಿಸಿ ಮುಂದಿನ ಸಾಲಿನ ಒಂದು ಕುರ್ಚಿ ತೋರಿಸಿದಳು. ಬಂದವರಲ್ಲಿ ಹೆಚ್ಚಿನವರು ಟೀಚರ್ ಹಳೆಯ ವಿದ್ಯಾರ್ಥಿಗಳು. ಕೋಣೆಯಲ್ಲಿದ್ದ ಕುರ್ಚಿಗಳು ಅರ್ಧ ಜನಕ್ಕೆ ಮಾತ್ರ ಸಾಕಾದವು. ಉಳಿದವರು ಕುರ್ಚಿಗಳ ಹಿಂದೆ ನಿಂತರು. ಅಧ್ಯಕ್ಷರ ಬೆನ್ನ ಹಿಂದೆ ದರ್ಜಿ ನಿಂತ.

*

ಆರು ವರ್ಷದ ಹಿಂದೆ ಕೆಳಗಿನ ಬಡಾವಣೆಯವರು ಒಂದು ಅರ್ಜಿ ಕೊಟ್ಟಿದ್ದರು. ಎಲ್ಲ ಬಡಾವಣೆಗಳ ಶಾಲಾ ತೆರಿಗೆಯನ್ನು ಒಟ್ಟಿಗೆ ಸೇರಿಸಿ, ಮಕ್ಕಳ ಸಂಖ್ಯೆಗೆ ತಕ್ಕಂತೆ ಹಂಚಬೇಕು ಎಂಬುದು ಅದರ ಸಾರ. ವಿಚಾರಣೆಯಲ್ಲಿ ಟೀಚರ್ ನಿಂತು ಹೇಳಿಕೆ ಕೊಟ್ಟರು: ನನ್ನ ಮಕ್ಕಳು ಸರದಿಯ ಮೇಲೆ ನಿಂತು ಕಲಿಯುತ್ತಾರೆ.

ಆಮೇಲೆ ನೆಗಡಿ ಎದ್ದ. ಆಗ ಅವನು ಸಮಿತಿಯಲ್ಲಿ ಅಧಿಕಾರಿ.

"ನಾನೂ ಇದೇ ಶಾಲೆಯಲ್ಲಿ ಓದಿದವನು," ಎಂದ. "ಒಂದು ದಿನವೂ ನಿಂತು ಪಾಠ ಕೇಳಿಲ್ಲ. ಟೀಚರಿಗೆ ವಯಸ್ಸಾಗಿದೆ. ಏನೋ ಕಲ್ಪಿಸಿಕೊಂಡಿದ್ದಾರೆ."

ಹೊರಗೆ ಕಡ್ಡಿ, ದರ್ಜಿ ಕಾಯುತ್ತಿದ್ದರು. ಹಳೆಯ ವಿದ್ಯಾರ್ಥಿಯೇ ಹೇಳಿದ ಮೇಲೆ ಬೇರೆ ಸಾಕ್ಷಿ ಯಾಕೆ ಎಂದು ಸಮಿತಿ ಅವರನ್ನು ಕರೆಯಲಿಲ್ಲ. ಅರ್ಜಿ ಬಿದ್ದುಹೋಯಿತು. ಸುಳ್ಳು ಹೇಳಿಕೆ ಕೊಟ್ಟರೆಂದು ಟೀಚರನ್ನು ತರಗತಿಯಿಂದ ತೆಗೆದು ಇಲಾಖೆಯ ಉಗ್ರಾಣಕ್ಕೆ ಹಾಕಿದರು. ಸೇವೆಯ ಕೊನೆಯ ಎರಡು ವರ್ಷ ಅವರು ಮೇಲಿನ ಶಾಲೆಗೆ ಹೋಗುವ ಹೊಸ ಕುರ್ಚಿಗಳ ಪ್ಲಾಸ್ಟಿಕ್ ಬಿಚ್ಚಿದರು.

ಆಸ್ಪತ್ರೆಯಲ್ಲಿ, ಮಾತು ನಿಲ್ಲುವ ಮುಂಚೆ, ಅವರು ಮಗಳ ಕೈ ಹಿಡಿದುಕೊಂಡಿದ್ದರು.

"ಸತ್ತ ಮೇಲೆ ಎಲ್ಲರೂ ಕೇಳ್ತಾರೆ. ನಾನು ಕ್ಷಮಿಸಿದೆ ಅಂತ ಮಾತ್ರ ಹೇಳಬೇಡ."

"ಇಲ್ಲಮ್ಮ."

"ಕ್ಷಮಿಸಿಲ್ಲ. ನನ್ನ ಬಾಯಿ ಸುಳ್ಳು ಅಂದ. ಅವನ ಕಾಲಿಗೆ ಗೊತ್ತಿದೆ, ಹೋಗಿ ಅದನ್ನ ಕೇಳು."

*

ಅದೇ ಅರ್ಜಿ ಈಗ ಮತ್ತೆ ಸಮಿತಿಯ ಮುಂದಿತ್ತು. ಮತದಾನ ಸೋಮವಾರ. ಹಳೆಯ ವಿಚಾರಣೆಯಲ್ಲೇ ಎಲ್ಲ ತೀರ್ಮಾನವಾಗಿದೆ ಎಂದು ಅಧ್ಯಕ್ಷರು ಪತ್ರಿಕೆಗಳಿಗೆ ಹೇಳಿದ್ದರು.

ಮೇಲಿನ ಶಾಲೆಯ ಮುಖ್ಯೋಪಾಧ್ಯಾಯರು ಮೊದಲು ಮಾತಾಡಿದರು. ಸೇವೆ, ತ್ಯಾಗ, ಮತ್ತೆ ಸೇವೆ. ತಲೆಗಳು ಬಾಗಿದವು. ಅಧ್ಯಕ್ಷರು ಕಣ್ಣು ಅರೆಮುಚ್ಚಿ, ತಾವು ಹೇಳಬೇಕಾದುದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು.

ಮಗಳು ಕೋಣೆಯ ಹಿಂದಕ್ಕೆ ಹೋದಳು. ಕರವಸ್ತ್ರ ಬಿಚ್ಚಿ ಗಂಟೆಯನ್ನು ಒಮ್ಮೆ ಬಾರಿಸಿದಳು.

ಕುರ್ಚಿಗಳು ಒಟ್ಟಿಗೆ ಸದ್ದು ಮಾಡಿದವು. ಬೇಕರಿಯ ಹೆಂಗಸು ಎದ್ದಳು, ಟ್ಯಾಕ್ಸಿಯವನು ಎದ್ದ, ಕೋಲು ಹಿಡಿದ ಅಂಚೆಯವನೂ ಎದ್ದ. ಎಲ್ಲರೂ ಎಡಕ್ಕೆ ಒಂದು ಹೆಜ್ಜೆ, ಕುರ್ಚಿಯ ಬೆನ್ನಿನ ಮೇಲೆ ಬಲಗೈ. "ಈಗ ನಿಂದು," "ಈಗ ನಿಂದು" ಎಂಬ ಪಿಸುಮಾತು ಕೋಣೆ ತುಂಬಿತು. ಸಮಿತಿಯ ಇಬ್ಬರು ಸದಸ್ಯರು ಕೂತಲ್ಲೇ ಅತ್ತಿತ್ತ ನೋಡಿದರು. ಜನ ಯಾಕೆ ಎದ್ದರೆಂದು ಅವರಿಗೆ ಗೊತ್ತಾಗಲಿಲ್ಲ.

ಅವರ ನಡುವೆ ಕೂತಿದ್ದ ಅಧ್ಯಕ್ಷರು ಎದ್ದಿದ್ದರು. ಎಡಕ್ಕೆ ಸರಿದಿದ್ದರು. ಬಲಗೈ ಕುರ್ಚಿಯ ಬೆನ್ನಿನ ಮೇಲಿತ್ತು. ಹಿಂದೆ ತಿರುಗಿ ದರ್ಜಿಗೆ ಹೇಳಿಯೂ ಆಗಿತ್ತು:

"ಈಗ ನಿಂದು."

ದರ್ಜಿ ಬಲಗಡೆಯಿಂದ ಬಂದು ಕೂತ.

ಮುಖ್ಯೋಪಾಧ್ಯಾಯರ ಮಾತು ನಿಂತಿತು. ಕಿಟಕಿಯ ಬಳಿ ಕ್ಯಾಮೆರಾ ಎರಡು ಸಲ ಕ್ಲಿಕ್ ಎಂದಿತು. ಅಧ್ಯಕ್ಷರು ತಮ್ಮ ಬಲಗೈಯನ್ನು ಬೇರೆಯವರದೇನೋ ಎಂಬಂತೆ ನೋಡಿದರು, ಸರಕ್ಕನೆ ಹಿಂದಕ್ಕೆ ತೆಗೆದುಕೊಂಡರು.

"ಏಳಪ್ಪ," ಎಂದರು ದರ್ಜಿಗೆ, ತಗ್ಗಿದ ದನಿಯಲ್ಲಿ.

"ಅದು ಹೇಗಾಗುತ್ತೆ ನೆಗಡಿ? ಇನ್ನೊಂದು ಸಲ ಗಂಟೆ ಬಾರಿಸಬೇಕಲ್ಲ."

"ಇದೆಲ್ಲ ಏನು ನಾಟಕ?"

"ನಾಟಕ ನೀನೇ ಚೆನ್ನಾಗಿ ಆಡಿದೆ ಕಣೋ," ಎಂದ ಕಡ್ಡಿ ಹಿಂದಿನ ಸಾಲಿನಿಂದ. "ಯಾರೂ ಹೇಳಿಕೊಡಲೇ ಇಲ್ಲ."

ಯಾರೋ ನಕ್ಕರು. ಒಬ್ಬರು ಶುರು ಮಾಡಿದ್ದು, ಅಂಚೆಯವನವರೆಗೂ ಹಬ್ಬಿತು. ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಅಲುಗುತ್ತಿತ್ತು.

ಅಧ್ಯಕ್ಷರು ಮಗಳ ಕಡೆ ನೋಡಿದರು. ಬೈಯಲಿ, ಕೂಗಾಡಲಿ ಎಂದು ಕಾಯುವವರಂತೆ ನೋಡಿದರು. ಅವಳು ಸಾಲುಗಳ ನಡುವೆ ನಡೆದು ಬಂದು, ಪೆಟ್ಟಿಗೆಯ ಮೇಲಿದ್ದ ಅವರ ಹೂವನ್ನು ತೆಗೆದು ಪಕ್ಕಕ್ಕಿಟ್ಟಳು. ಮುಚ್ಚಳ ಸರಿಸಿ, ಗಂಟೆಯನ್ನು ಅಮ್ಮನ ಬಲಗೈಯ ಹತ್ತಿರ ಇಟ್ಟಳು. ಕಡ್ಡಿ ಮುಂದೆ ಬಂದು ತಿರುಪುಗಳನ್ನು ಒಂದೊಂದಾಗಿ ಬಿಗಿ ಮಾಡಿದ.

ಎರಡನೆಯ ಸಲ ಬಾರಿಸಲು ಗಂಟೆಯೇ ಹೊರಗೆ ಉಳಿದಿರಲಿಲ್ಲ. ಅಧ್ಯಕ್ಷರು ನಿಂತೇ ಇದ್ದರು. ಮಾತಾಡಲು ಅವರನ್ನು ಯಾರೂ ಕರೆಯಲಿಲ್ಲ.

ಪೆಟ್ಟಿಗೆ ಈ ಸಲ ಸಿಕ್ಕಿಕೊಳ್ಳದೆ, ಎರಡೂ ಕದ ತೆರೆದಿದ್ದ ಬಾಗಿಲಿನಿಂದ ಹೊರಗೆ ಹೋಯಿತು.

ಚಿತ್ರ ಮರುದಿನದ ಪತ್ರಿಕೆಯ ಮೊದಲ ಪುಟದಲ್ಲಿ ಬಂತು. ಸೋಮವಾರ ಮತದಾನ ನಡೆಯಲಿಲ್ಲ. ಹಳೆಯ ವಿಚಾರಣೆಯ ಹೇಳಿಕೆಗಳನ್ನು ಮತ್ತೊಮ್ಮೆ ಓದಿಸಬೇಕೆಂದು, ಅಂದು ಶಾಲೆಗೆ ಬಂದಿದ್ದ ಇಬ್ಬರು ಸದಸ್ಯರು ಕೇಳಿದರು. ಸಮಿತಿಯ ನಿಯಮದಂತೆ ಹೇಳಿಕೆ ಕೊಟ್ಟವರೇ ಅದನ್ನು ಓದಬೇಕು, ನಿಂತು ಓದಬೇಕು. ಹೊರಗೆ ಕಾಯುತ್ತಿದ್ದ ಕಡ್ಡಿಯನ್ನೂ ದರ್ಜಿಯನ್ನೂ ಈ ಸಲ ಒಳಗೆ ಕರೆದು ಕೂರಿಸಿದರು. ಟೀಚರ್ ಇಲ್ಲದ್ದರಿಂದ ಮೊದಲ ಸರದಿ ಅಧ್ಯಕ್ಷರದು. ಅವರು ಎದ್ದು ನಿಂತರು.