ಬ್ಯಾಲನ್ಸರಿನ ಮೂರು ತೂತು

ಕಬ್ಬಿಣದಲ್ಲಿ ತೂತು ಕಂಡರೆ ಬಸಲಿಂಗಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಮೂವತ್ತನಾಲ್ಕು ವರ್ಷ ತಪಾಸಣೆಯ ಕೆಲಸ ಮಾಡಿದ ಮನುಷ್ಯ. ಎರಕದ ಮಾಲು ಮುಂದೆ ಬಂದರೆ ತೂತು ಹುಡುಕಬೇಕು, ಸುತ್ತ ಹಳದಿ ಗೆರೆ ಎಳೆಯಬೇಕು, ತಂತಿ ಇಳಿಸಿ ಆಳ ಅಳೆಯಬೇಕು, ಎಲ್ಲವನ್ನೂ ರಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಆ ರಜಿಸ್ಟರಿನ ಕೊನೆಯ ಕಾಲಮ್ಮಿನ ತಲೆಬರಹ ‘ತಪ್ಪು ಯಾರದು’. ಅಲ್ಲಿ ಅವನು ಬರೆಯದ ಹೆಸರಿರಲಿಲ್ಲ, ತನ್ನದೊಂದನ್ನು ಬಿಟ್ಟು.

ಕೆಲವು ಕಿಲಾಡಿಗಳು ಎರಕದ ತೂತನ್ನು ಡ್ರಿಲ್ಲಿನಿಂದ ದುಂಡಗೆ ಕೊರೆದು, ಒಳಗೆ ಕಬ್ಬಿಣದ ತುಂಡು ಬಡಿದು, ಮೇಲೆ ಉಜ್ಜಿ ಸಾಗಹಾಕುತ್ತಿದ್ದರು. ಅಂಥವರೂ ಬಸಲಿಂಗಪ್ಪನ ಕಣ್ಣು ತಪ್ಪಿಸಿಕೊಂಡದ್ದಿಲ್ಲ. ನಿವೃತ್ತಿಯಾದ ಮೇಲೆ ಉದ್ಯಮಬಾಗದಲ್ಲಿ ಕಬ್ಬಿಣ ಕಡೆಯುವ ಒಂದು ಲೇಥು ಹಾಕಿಕೊಂಡು ಕೂತ. ರಜಿಸ್ಟರನ್ನು ಮಾತ್ರ ಬಿಡಲಿಲ್ಲ. ತನ್ನ ಗಂಡ ಬದನೆಕಾಯಿಯನ್ನೂ ತೂತು ನೋಡಿಯೇ ಮನೆಯೊಳಗೆ ಬಿಡುತ್ತಾನೆಂದು ಸತ್ಯವ್ವ ಓಣಿಯ ಹೆಂಗಸರ ಮುಂದೆ ಆಡಿಕೊಳ್ಳುತ್ತಿದ್ದಳು.

ಖಾನಾಪುರದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಅವಧೂತನಿಗೆ ಈ ರಜಿಸ್ಟರಿನ ಮೇಲೆ ದೇವರ ಮೇಲಿದ್ದಷ್ಟೇ ಭಕ್ತಿ. ಎರಡು ವರ್ಷದಿಂದ ಅವನು ಅಮೇರಿಕಾದ ಒಂದು ಹಳೆಯ ಡಾಜ್ ಕಾರಿಗೆ ಜೀವ ತುಂಬುತ್ತಿದ್ದ. ಕಾರು ಬೆಳಗಾವಿಯ ಹಿಂದವಾಡಿಯ ಶುಭದಾಬಾಯಿಯವರದು. ಅವರ ತಾಯಿ ಖಾನಾಪುರದಲ್ಲಿ ಡಾಕ್ಟರಾಗಿದ್ದಾಗ ಅದೇ ಕಾರಿನಲ್ಲಿ ಕಾಡಿನ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದರು. ಆ ಇಂಜಿನ್ನಿನ ಸದ್ದನ್ನು ಇನ್ನೊಮ್ಮೆ ಕೇಳಬೇಕೆಂಬುದೊಂದೇ ಮಗಳ ಆಸೆ.

ಇಂಜಿನ್ನಿನ ಮುಂದೆ, ಫ್ಯಾನಿನ ಬೆಲ್ಟು ಓಡುವ ಪುಲ್ಲಿಯ ಹಿಂದೆ, ಒಂದು ಭಾರವಾದ ಕಬ್ಬಿಣದ ಬಳೆ ಇರುತ್ತದೆ. ಅದೇ ಬ್ಯಾಲನ್ಸರು. ಇಂಜಿನ್ನಿನ ನಡುಕವನ್ನು ನುಂಗುವುದು ಅದರ ಕೆಲಸ. ಈ ಕಾರಿನದು ಯಾವಾಗಲೋ ಕಳೆದುಹೋಗಿ, ಆ ಜಾಗದಲ್ಲಿ ಯಾರೋ ಜೀಪಿನ ಪುಲ್ಲಿ ತುರುಕಿದ್ದರು. ಬೆಲ್ಟು ಓರೆಯಾಗಿ ಓಡಿ ಪದೇ ಪದೇ ಹರಿಯುತ್ತಿತ್ತು. ಎಂಟು ತಿಂಗಳು ಗುಜರಿಗಳನ್ನೆಲ್ಲ ಜಾಲಾಡಿ ಅವಧೂತ ಕೊನೆಗೆ ಕೊಲ್ಲಾಪುರದಲ್ಲಿ ಅಸಲಿ ಪುಲ್ಲಿ, ಅಸಲಿ ಬ್ಯಾಲನ್ಸರು ಎರಡನ್ನೂ ಹುಡುಕಿ ತಂದ. ತುಕ್ಕು ಹಿಡಿದು ಗ್ರೀಸು ಮೆತ್ತಿದ್ದ ಅವನ್ನು ಸ್ವಚ್ಛ ಮಾಡಿಕೊಡಿ ಎಂದು ಬಸಲಿಂಗಪ್ಪನ ಕೈಗಿತ್ತ.

ಗ್ರೀಸು ಕೆರೆದಾಗ ಬ್ಯಾಲನ್ಸರಿನ ಮೈಯಲ್ಲಿ, ಒಂದೇ ಮಗ್ಗುಲಿಗೆ, ಮೂರು ತೂತು ಕಂಡವು. ದುಂಡಗಿನವು, ಡ್ರಿಲ್ಲಿನವು. ಬಸಲಿಂಗಪ್ಪನ ತುಟಿಯ ಮೇಲೆ ನಗು ಬಂತು. ಅಮೇರಿಕಾದಲ್ಲೂ ಕಿಲಾಡಿಗಳಿದ್ದಾರೆ, ಎರಕದ ದೋಷ ಮುಚ್ಚಲು ಕೊರೆದಿದ್ದಾರೆ, ಬಡಿದ ತುಂಡುಗಳು ಉದುರಿಹೋಗಿವೆ ಎಂದುಕೊಂಡ. ತೂತುಗಳ ಜಾಗ, ಅಗಲ, ಆಳ ಬರೆದುಕೊಂಡು, ‘ತಪ್ಪು ಯಾರದು’ ಕಾಲಮ್ಮಿನಲ್ಲಿ ‘ಅಮೇರಿಕಾದವರದು’ ಎಂದು ತುಂಬಿದ. ಬಳೆಯ ಒಳಗೆ ರಬ್ಬರಿನ ಪದರವಿತ್ತು. ವೆಲ್ಡಿಂಗಿನ ಬಿಸಿಗೆ ಅದು ಸುಡುತ್ತದೆ ಎಂದು ಮೂರು ಉಕ್ಕಿನ ತುಂಡನ್ನು ಲೇಥಿನಲ್ಲಿ ದುಂಡಗೆ ಕಡೆದು, ತೂತಿಗೆ ಬಿಗಿಯಾಗಿ ಕೂರಿಸಿ, ಮೇಲೆ ನಯ ಮಾಡಿ, ಕಪ್ಪು ಬಣ್ಣ ಬಳಿದ. ತೂತಿತ್ತೆಂದರೆ ಅದನ್ನು ಮುಚ್ಚಿದ ಬಸಲಿಂಗಪ್ಪನೇ ನಂಬುತ್ತಿರಲಿಲ್ಲ. ಅವಧೂತನಿಗೆ ಈ ವಿಷಯ ಹೇಳಲೂ ಇಲ್ಲ. ಒಳ್ಳೆಯ ಕೆಲಸಕ್ಕೆ ಡಂಗುರ ಯಾಕೆ ಎಂಬ ದೊಡ್ಡಸ್ತಿಕೆ.

ಅವಧೂತ ಎರಡನ್ನೂ ಕಾರಿಗೆ ಕೂರಿಸಿದಾಗ ಬೆಲ್ಟು ನೆಟ್ಟಗೆ ಓಡಿತು. ಇಂಜಿನ್ನು ಮಾತ್ರ ನಡುಗಿತು. ನಿಧಾನವಾಗಿ ತಿರುಗುವಾಗ ಪರವಾಗಿಲ್ಲ, ವೇಗ ಏರಿದಂತೆ ನಡುಕ ಏರಿ, ಬಾಗಿಲಿನ ಗಾಜು ಕಟಕಟ ಎನ್ನುತ್ತಿತ್ತು. ಬಸಲಿಂಗಪ್ಪ ಖಾನಾಪುರಕ್ಕೆ ಹೋಗಿ ಬ್ಯಾಲನ್ಸರು ಎಲ್ಲಾದರೂ ಓರೆಯಾಗಿದೆಯೇ ಎಂದು ತೋರಿಸುವ ಡಯಲ್ ಗೇಜು ಹಿಡಿದು ನೋಡಿದ. ಮುಳ್ಳು ಅಲ್ಲಾಡಲಿಲ್ಲ.

“ನನ್ನ ಮಾಲು ಪಾಸಾತು. ತಪ್ಪು ಒಳಗ ಐತಿ,” ಎಂದ. “ಇಂಜಿನ್ ಬಿಚ್ಚು ಅವಧೂತ. ನಿನ್ನ ಜೋಡಣಿಯೊಳಗ ಏನೋ ಎಡವಟ್ಟಾಗೇತಿ.”

ಅವಧೂತ ಬಿಚ್ಚಿದ, ಜೋಡಿಸಿದ. ಮತ್ತೆ ಬಿಚ್ಚಿದ, ಮತ್ತೆ ಜೋಡಿಸಿದ. ಹೀಗೆ ನಾಲ್ಕು ಸಲ. ನಡುಕ ಇದ್ದಲ್ಲೇ ಇತ್ತು. ಕಾದು ಬೇಸತ್ತ ಶುಭದಾಬಾಯಿ ಪುಣೆಯ ಗ್ಯಾರೇಜಿನವರೊಬ್ಬರಿಗೆ ಮಾತು ಕೊಟ್ಟರು. ಭಾನುವಾರ ಅವರು ಬಂದು ಕಾರನ್ನು ಹೇರಿಕೊಂಡು ಹೋಗುವುದು, ಹಳೆಯ ಇಂಜಿನ್ನು ಕಿತ್ತು ಹೊಸ ಡೀಸೆಲ್ ಇಂಜಿನ್ನು ಕೂರಿಸುವುದು ಎಂದು ತೀರ್ಮಾನವಾಯಿತು. ಗುರುವಾರ ಅವಧೂತ ಫೋನು ಮಾಡಿದ.

“ಕಾಕಾ, ಇನ್ನ ಮ್ಯಾಲೆ ಹಳೇ ಗಾಡಿ ಮುಟ್ಟೂದಿಲ್ರಿ. ಟ್ರ್ಯಾಕ್ಟರ್ ರಿಪೇರಿ ಮಾಡ್ಕೊಂಡು ಇದ್ದಬಿಡ್ತೀನಿ. ನನ್ನ ಕೈಯಾಗ ಏನೋ ಕಮ್ಮಿ ಐತಿ, ಅದು ಖರೇ.”

ಹುಡುಗನ ಕೈಯಲ್ಲಿ ಕಮ್ಮಿಯಿಲ್ಲವೆಂದು ಹೇಳಲು ಬಸಲಿಂಗಪ್ಪನಿಗೆ ಬಾಯಿ ಬರಲಿಲ್ಲ. ತಪ್ಪು ಯಾರದೋ ಆಗಿರಲೇಬೇಕಲ್ಲ.

ಮರುದಿನ ಮಧ್ಯಾಹ್ನ ಮಹಾಂತೇಶ ನಗರದ ತನ್ನ ಮನೆಯಲ್ಲಿ ಬಸಲಿಂಗಪ್ಪ ಊಟಕ್ಕೆ ಕೂತಾಗ ತಲೆಯ ಮೇಲಿನ ಫ್ಯಾನು ಹುಚ್ಚು ಹಿಡಿದಂತೆ ಓಲಾಡುತ್ತಿತ್ತು. ನಿನ್ನೆಯವರೆಗೆ ಸುಮ್ಮನೆ ತಿರುಗುತ್ತಿದ್ದ ಫ್ಯಾನು.

“ಇದಕ್ಕೇನಾತು?” ಎಂದು ಕೇಳಿದ.

“ಮುಂಜಾನೆ ಒರಸೇನ್ರಿ. ಒಂದು ಎಸಳಿನ ಮ್ಯಾಲೆ ತಗಡಿನ ಚೂರು ಅಂಟಿತ್ತು. ಚಂದ ಕಾಣ್ತಿರಲಿಲ್ಲ, ಕಿತ್ತೊಗದೆ,” ಎಂದಳು ಸತ್ಯವ್ವ.

ಬಸಲಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಯಾರು ತಗೀ ಅಂದ್ರು ನಿನಗ? ಅದನ್ನ ಭಾರ ಸರಿದೂಗಸಾಕ ಫ್ಯಾಕ್ಟರಿಯವರು ಹಚ್ಚಿರ್ತಾರ. ಚಂದ ಇಲ್ಲಂತ ತಗದಬಿಡೂದೇನು? ಗೊತ್ತಿಲ್ಲಂದ್ರ ಒಂದು ಮಾತು ಕೇಳಬೇಕಿಲ್ಲೋ, ಮಾಡಿದವ್ರು ಯಾಕ ಮಾಡ್ಯಾರಂತ…”

ಮಾತು ಅಲ್ಲಿಗೇ ನಿಂತಿತು. ಮುರಿದ ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ಫ್ಯಾಕ್ಟರಿಯವರು ಇಲ್ಲಿ ಭಾರ ಕೂಡಿಸಿದ್ದರು. ಬ್ಯಾಲನ್ಸರಿನಲ್ಲಿ ಕೊರೆದು ಭಾರ ಕಳೆದಿದ್ದರು. ಮೂರೂ ತೂತು ಒಂದೇ ಮಗ್ಗುಲಿಗೆ ಇದ್ದದ್ದು ಸುಮ್ಮನೆ ಅಲ್ಲ. ಬಳೆ ದುಂಡಗಿದೆಯೇ ಎಂದು ಗೇಜು ಹೇಳುತ್ತದೆ, ತೂಕ ಎಲ್ಲ ಕಡೆಗೂ ಸಮವಿದೆಯೇ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಎಂಟು ತಿಂಗಳು ಹುಡುಕಿ ತಂದ ಅಸಲಿ ಮಾಲನ್ನು ತಾನು ಕೈಯಾರೆ ಕೆಡಿಸಿ, ಅವಧೂತನ ಕೈಗೆ ಹೆಸರಿಟ್ಟಿದ್ದ.

“ಯಾಕ್ರಿ, ಸಾರು ಖಾರ ಆತೇನು?” ಎಂದಳು ಸತ್ಯವ್ವ. ಅವನು ಕೈ ತೊಳೆಯಲು ಎದ್ದ.

ಶನಿವಾರ ಬೆಳಿಗ್ಗೆ ರಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಂದೇ ಯೋಚನೆ. ಇನ್ನೊಮ್ಮೆ ನೋಡುತ್ತೇನೆಂದು ಬ್ಯಾಲನ್ಸರು ಬಿಚ್ಚಿಸಬಹುದು. ಅವಧೂತನನ್ನು ಚಹಾ ತರಲು ಕಳಿಸಿ, ಹತ್ತು ನಿಮಿಷದಲ್ಲಿ ತುಂಡುಗಳನ್ನು ಕೊರೆದು ತೆಗೆಯಬಹುದು. ನಡುಕ ನಿಲ್ಲುತ್ತದೆ, ಹೆಸರೂ ಉಳಿಯುತ್ತದೆ, ಕಾಕಾ ಕೈಯಿಟ್ಟರೆ ಮುಗಿಯಿತೆಂದು ಎಲ್ಲರೂ ಹೊಗಳುತ್ತಾರೆ. ಆದರೆ ತನ್ನ ಕೈ ಸರಿಯಿಲ್ಲವೆಂಬ ಮಾತನ್ನು ಅವಧೂತ ಸಾಯುವವರೆಗೂ ಹೊತ್ತು ತಿರುಗುತ್ತಾನೆ. ಬಸ್ಸು ಖಾನಾಪುರ ಮುಟ್ಟಿದಾಗಲೂ ಬಸಲಿಂಗಪ್ಪನ ಮನಸ್ಸು ಎರಡೂ ಕಡೆಗೆ ಎಳೆಯುತ್ತಿತ್ತು.

ಗ್ಯಾರೇಜಿನಲ್ಲಿ ಶುಭದಾಬಾಯಿಯವರೂ ಇದ್ದರು. ನಾಳೆ ಹೋಗಲಿರುವ ಕಾರನ್ನು ನೋಡಿಹೋಗಲು ಬಂದು, ತಾಯಿ ಕೂರುತ್ತಿದ್ದ ಸೀಟಿನಲ್ಲಿ ಸುಮ್ಮನೆ ಕೂತಿದ್ದರು. ಅವಧೂತ ಪುಣೆಗೆ ಕಳಿಸಬೇಕಾದ ಬಿಡಿಭಾಗಗಳನ್ನು ಡಬ್ಬಿಗೆ ತುಂಬುತ್ತಿದ್ದ. ಬಸಲಿಂಗಪ್ಪನನ್ನು ಕಂಡು ಎದ್ದು, ತನ್ನ ಅಂಗಿಯಿಂದಲೇ ಸ್ಟೂಲು ಒರೆಸಿದ.

“ಬರ್ರಿ ಕಾಕಾ, ಕುಂದರ್ರಿ. ನಿಮ್ಮ ಹೆಸರು ಕೆಡಿಸಿದೆ ನೋಡ್ರಿ ನಾ.”

ಆ ಮಾತು ಕೇಳಿದ ಮೇಲೆ ಚಹಾಕ್ಕೆ ಕಳಿಸುವ ಯೋಚನೆ ಎಲ್ಲಿ ಉಳಿಯಬೇಕು? ಬಸಲಿಂಗಪ್ಪ ಕೂಡಲಿಲ್ಲ. ರಜಿಸ್ಟರು ತೆಗೆದು, ಆ ಪುಟ ಬಿಡಿಸಿ, ಅವಧೂತನ ಕೈಗಿಟ್ಟ.

“ಜೋರಾಗಿ ಓದು. ಬಾಯಿಯವ್ರೂ ಕೇಳ್ಲಿ.”

“ಬ್ಯಾಲನ್ಸರು. ತೂತು ಮೂರು. ಅಗಲ ಹನ್ನೆರಡು ಮಿಲಿಮೀಟರು. ಆಳ ಹದಿನಾಲ್ಕು, ಹನ್ನೊಂದು, ಒಂಬತ್ತು…” ಅವಧೂತ ತಲೆ ಎತ್ತಿದ. “ತೂತು ಎಲ್ಲಿ ಅದಾವ್ರಿ ಕಾಕಾ?”

“ನಾ ಮುಚ್ಚಿಬಿಟ್ಟೆ. ಎರಕದ ದೋಷ ಅಂತ ತಿಳಕೊಂಡು ಉಕ್ಕು ಬಡದೆ. ಅವು ದೋಷ ಅಲ್ಲ, ತೂಕ ಸರಿ ಮಾಡಾಕ ಕೊರದಿದ್ದು. ಗಾಡಿ ನಡುಗಿದ್ದು ನನ್ನಿಂದ. ನಿನ್ನ ಕೈಯಾಗ ಏನೂ ಕಮ್ಮಿ ಇಲ್ಲ, ಅವಧೂತ. ನನಗ ತಿಳೀಲಾರದ್ದನ್ನ ನಿನ್ನ ತಲಿಗೆ ಕಟ್ಟಿದೆ.”

ಅವಧೂತ ಪುಟವನ್ನೇ ನೋಡುತ್ತ ನಿಂತ. ಅವನ ಕಣ್ಣು ತುಂಬಿದ್ದವು. ಅದು ಸಿಟ್ಟಿಗೋ ಸಮಾಧಾನಕ್ಕೋ ಬಸಲಿಂಗಪ್ಪನಿಗೆ ತಿಳಿಯಲಿಲ್ಲ.

“ನಾಕು ಸಲ ಬಿಚ್ಚಿದೆ ಕಾಕಾ,” ಎಂದ ಕೊನೆಗೆ.

“ಗೊತ್ತೈತಿ. ಬಿಚ್ಚಿಸಿದವ ನಾನ.”

ಶುಭದಾಬಾಯಿ ಕಾರಿನಿಂದ ಇಳಿದರು. “ಮುಚ್ಚಿದ್ದನ್ನ ಮತ್ತ ತಗೀಲಿಕ್ಕೆ ಬರ್ತದೇನ್ರಿ? ಎಲ್ಲಿ ಇದ್ದವು ಅಂತ ಗೊತ್ತಾಗಬೇಕಲ್ಲ. ನನಗಂತೂ ಏನೂ ಕಾಣಸೂದಿಲ್ಲ.”

“ನನಗೂ ಕಾಣಸೂದಿಲ್ರಿ. ಆದ್ರ ಬರದಿಟ್ಟೇನಲ್ಲ,” ಎಂದ ಬಸಲಿಂಗಪ್ಪ.

ಅವನ ತಪ್ಪಿಗೆ ಕಾರಣವಾದ ಚಟವೇ ಅವನ ಕೈ ಹಿಡಿಯಿತು. ಬಳೆಯನ್ನು ಅಚ್ಚಿಗೆ ಹಿಡಿಸುವ ಕೀಲಿಯ ಕಚ್ಚಿನಿಂದ ಬಲಕ್ಕೆ ಎಷ್ಟು, ಅಂಚಿನಿಂದ ಒಳಕ್ಕೆ ಎಷ್ಟು, ಎಲ್ಲ ಅಲ್ಲಿತ್ತು. ಬ್ಯಾಲನ್ಸರು ಬಿಚ್ಚಿ, ಅಳೆದು, ಮೂರು ಕಡೆ ಹಳದಿ ಗೆರೆ ಎಳೆದರು. ಜೀವಮಾನವೆಲ್ಲ ತೂತು ಹಿಡಿದು ಮಾಲು ವಾಪಸು ಕಳಿಸಿದ ಬಸಲಿಂಗಪ್ಪ ತಾನೇ ತೂತು ಕೊರೆಯಲು ಡ್ರಿಲ್ ಮಷೀನಿನ ಹಿಡಿಕೆ ಹಿಡಿದ. ಅವಧೂತ ಬಾಜು ನಿಂತು ಆಳ ಅಳೆಯುತ್ತಿದ್ದ. “ಇನ್ನೊಂದು ಮಿಲಿಮೀಟರ್ ಇಳೀರಿ. ಹಾಂ, ಸಾಕು.” ಕಪ್ಪು ಬಣ್ಣದ ನಡುವೆ ಮೂರು ತೂತು ಮತ್ತೆ ಬಾಯಿ ತೆರೆದವು.

ಊಟದ ಹೊತ್ತಿಗೆ ಎಲ್ಲ ಕೂರಿಸಿ, ಬೆಲ್ಟು ಏರಿಸಿ, ಅವಧೂತ ಇಂಜಿನ್ನು ಶುರು ಮಾಡಿದ. ನಿಧಾನಕ್ಕೆ ವೇಗ ಏರಿಸಿದ. ಬಸಲಿಂಗಪ್ಪನ ಕಣ್ಣು ಬಾಗಿಲಿನ ಗಾಜಿನ ಮೇಲೇ ಇತ್ತು. ಇನ್ನೂ ಏರಿಸಿದ. ಗಾಜು ಸದ್ದು ಮಾಡಲಿಲ್ಲ. ಗ್ಯಾರೇಜಿನ ತುಂಬ ಒಂದೇ ಸಮನೆ ತಣ್ಣಗೆ ಗುಂಯ್‌ಗುಡುವ ಸದ್ದು ಹಬ್ಬಿತು.

ಶುಭದಾಬಾಯಿ ಕಾರಿನ ಮೂತಿಯ ಮೇಲೆ ಅಂಗೈ ಇಟ್ಟು ನಿಂತರು. “ಆಯಿ ಹೆರಿಗಿ ಮಾಡಿಸಿ ವಾಪಸ್ ಬರೂ ಮುಂದ ಹಿಂಗ ಕೇಳಸ್ತಿತ್ತು,” ಎಂದರು. ಆಮೇಲೆ ಹೊರಗೆ ಹೋಗಿ ಪುಣೆಗೆ ಫೋನು ಹಚ್ಚಿ, ಬರುವುದು ಬೇಡವೆಂದು ಮರಾಠಿಯಲ್ಲಿ ಎರಡೇ ಮಾತಿನಲ್ಲಿ ಮುಗಿಸಿದರು.

ಬಸಲಿಂಗಪ್ಪ ಸ್ಟೂಲಿನ ಮೇಲೆ ಕೂತು ರಜಿಸ್ಟರು ಬಿಡಿಸಿದ. ‘ಅಮೇರಿಕಾದವರದು’ ಎಂಬುದನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಬಿಡಿಸಿ ಬಿಡಿಸಿ ತನ್ನ ಹೆಸರು ಬರೆದ.

“ತಪಾಸಣಿ ಮಾಡಿದವ್ರ ಸಹಿ ಬೇಕು,” ಎಂದು ಪೆನ್ನು ಅವಧೂತನ ಮುಂದೆ ಹಿಡಿದ.

“ಅದು ನಿಮ್ಮ ಜಾಗಾ ಐತಿ, ಕಾಕಾ.”

“ನನ್ನ ಮಾಲಿಗೆ ನಾನ ಸಹಿ ಹಾಕ್ಕೊಂಡಿದ್ದಕ್ಕ ಇಷ್ಟೆಲ್ಲಾ ಆತು. ಹಾಕು.”

ಅವಧೂತ ಪೆನ್ನು ತೆಗೆದುಕೊಳ್ಳಲಿಲ್ಲ. ಮೊದಲು ಟಾರ್ಚು ಹಿಡಿದು ಕಾರಿನ ಮುಂದೆ ಬಗ್ಗಿದ. ಪುಲ್ಲಿ ನೋಡಿದ, ಬೆಲ್ಟು ಒತ್ತಿ ನೋಡಿದ, ಮೂರೂ ತೂತಿಗೆ ಒಂದೊಂದಾಗಿ ಬೆರಳು ಆಡಿಸಿ ನೋಡಿದ. ಆಮೇಲೆ ಬಂದು, ಕೈ ಒರೆಸಿಕೊಂಡು, ಸಹಿ ಹಾಕಿದ.