ಎಣ್ಣೆ ಹಚ್ಚಿದ ಮೈ

"ಇನ್ನೊಂದೀಟು ತಡ್ಕೊ ಅತ್ತೆ. ಇಲ್ದಿದ್ರೆ ಬಸ್ಸಲ್ಲಿ ಪಕ್ಕ ಕುಂತೋರು ಎದ್ದೋಗ್ತಾರೆ," ಎನ್ನುತ್ತ ಮೀನಾ ಕದಿರಮ್ಮನ ಬೆನ್ನನ್ನು ತೆಂಗಿನ ನಾರಿನಿಂದ ತಿಕ್ಕಿದಳು. ಸೋರಿಯಾಸಿಸ್ಸಿನ ಹೊಟ್ಟು ನೀರಿನೊಂದಿಗೆ ಬಚ್ಚಲಿನಿಂದ ಹರಿದುಹೋಯಿತು. ಕದಿರಮ್ಮ ಹಲ್ಲು ಕಚ್ಚಿ ಕೂತಿದ್ದಳು. ಡಾಕ್ಟರ ಮುಂದೆ ಹೊಲಸು ಮೈ ಹೊತ್ತು ನಿಲ್ಲುವುದು ಅವಳಿಗೂ ಬೇಡವಾಗಿತ್ತು. ಮೇಲೆ ಕೊಬ್ಬರಿ ಎಣ್ಣೆ ಸವರಿದಾಗ ಚರ್ಮದ ಕಲೆಗಳು ಮಂಕಾದವು.

ಆ ಕೈಲಿ ಕರೆದ ಹಾಲು ಬೇಡವೆಂದು ಊರಿನ ಡೇರಿಯಲ್ಲಿ ಕ್ಯಾನು ತಿರುಗಿಸಿ ಕಳಿಸಿದ ಮೇಲೆ ಹಸು ಸೊಸೆಯ ಪಾಲಾಗಿತ್ತು, ಕದಿರಮ್ಮನ ತಟ್ಟೆ ಕೊಟ್ಟಿಗೆ ಸೇರಿತ್ತು. ಆಸ್ಪತ್ರೆಯ ಪುಕ್ಕಟೆ ಇಂಜೆಕ್ಷನ್ ಹಾಕಿಸಿಕೊಂಡರೆ ಕೈ ತಿಳಿಯಾಗುತ್ತದೆ ಎಂದು ಹಿಂದಿನ ಸಲ ಡಾಕ್ಟರು ಹೇಳಿದ್ದರು. ಕೈ ತಿಳಿಯಾದರೆ ತಟ್ಟೆ ಒಳಗೆ ಬರುತ್ತದೆ.

ಕೆಜಿಎಫಿನ ಆಸ್ಪತ್ರೆಯಲ್ಲಿ ಡಾಕ್ಟರು ಮೈ ನೋಡಿ ಕೆಂಪೆಷ್ಟು, ದಪ್ಪವೆಷ್ಟು, ಹೊಟ್ಟು ಎಷ್ಟು ಎಂದು ಹೇಳುತ್ತ ಹೋದರು. ಇಂದ್ರಾಣಿ ಎಂಬಾಕೆ ಅದನ್ನು ಕಂಪ್ಯೂಟರಿಗೆ ತುಂಬಿದಳು.

"ಒಟ್ಟು ಅಂಕ ಒಂಬತ್ತು. ಹತ್ತು ದಾಟಿದೋರಿಗೆ ಮಾತ್ರ ಇಂಜೆಕ್ಷನ್. ನಿಮಗೆ ವಾಸಿ ಆಗ್ತಿದೆ ಅಮ್ಮ, ಸಂತೋಷ ಪಡಿ," ಎಂದಳು ಇಂದ್ರಾಣಿ.

"ಓದ್ಸಲ ಜಾಸ್ತಿ ಅಂತ ಬರ್ದಿದ್ರಲ್ಲ ತಾಯಿ."

"ಆಗ ಒಬ್ಬೊಬ್ಬ ಡಾಕ್ಟ್ರು ಒಂದೊಂದು ಥರ ಬರೀತಿದ್ರು. ಈಗ ಎಲ್ಲಾ ಆಸ್ಪತ್ರೆಗೂ ಒಂದೇ ಲೆಕ್ಕ. ಇವತ್ತು ಕಣ್ಣಿಗೆ ಕಂಡದ್ದಷ್ಟೇ."

"ಬೆಳಿಗ್ಗೆ ತಿಕ್ಕಿ ಎಣ್ಣೆ ಅಚ್ಕೊಂಡು ಬಂದಿದ್ದೀನಿ. ಸಂಜೆ ನೋಡಿ, ಬೂದಿ ಉದುರ್ದಂಗೆ ಉದುರ್ತದೆ."

"ಎಣ್ಣೆ ಬರೆಯೋಕೆ ಇಲ್ಲಿ ಜಾಗ ಇಲ್ಲಮ್ಮ. ಮೂರು ತಿಂಗಳು ಬಿಟ್ಟು ಬನ್ನಿ."

ಸಾಲಿನಲ್ಲಿ ಹಿಂದೆ ನಿಂತಿದ್ದ ಮುನಿರಾಜ್ ಎಂಬ ರೋಗಿ ಕೆರೆದುಕೊಳ್ಳುತ್ತ ನಕ್ಕ. ಅವನ ಅಂಗಿಯ ಕಾಲರಿನ ತುಂಬ ಹೊಟ್ಟು. "ಮದುವೆಗೆ ಒಂಟಂಗೆ ಬಂದಿದ್ದೀಯಲ್ಲಕ್ಕ. ಸ್ನಾನ ಮಾಡು ಅಂತ ನಿಂಗ್ಯಾರು ಏಳಿದ್ರು? ನಾನು ವಾರದಿಂದ ನೀರೇ ಮುಟ್ಟಿಲ್ಲ."

ಅವನಿಗೆ ಇಂಜೆಕ್ಷನ್ ಚೀಟಿ ಸಿಕ್ಕಿತು.

ಬಂಗಾರಪೇಟೆಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಎಣ್ಣೆ ಆರಿ ಮೊಣಕೈ ಬೆಳ್ಳಗಾಗಿತ್ತು. ಕದಿರಮ್ಮ ಸೆರಗು ಎಳೆದುಕೊಂಡಳು.

"ಏನಂದ್ರು?" ಮನೆಬಾಗಿಲಲ್ಲೇ ಮೀನಾ ಕೇಳಿದಳು.

"ವಾಸಿ ಆಗ್ತಾ ಅದಂತೆ."

ಮೀನಾ ಅತ್ತೆಯ ಕೈ ನೋಡಿದಳು. "ಡೇರಿಯೋರ ಅತ್ರ ಏಳ್ಬೇಡ, ನಗ್ತಾರೆ."

ಮರುದಿನ ಮೀನಾ ಬಚ್ಚಲಲ್ಲಿ ಬಿಸಿನೀರಿಟ್ಟು ಕರೆದಳು. ಕದಿರಮ್ಮ ಬಿಂದಿಗೆ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ, ಹಸುವಿನ ಬಾನಿಯಲ್ಲಿದ್ದ ಬೂಸಾದ ಮೇಲೆ ಅಷ್ಟನ್ನೂ ಸುರಿದಳು. ಎಣ್ಣೆ ಶೀಶೆಯನ್ನು ಸೊಸೆಯ ಕಡೆ ಚಾಚಿದಳು.

"ನೀನೇ ತಲೆಗೆ ಅಚ್ಕೊ."

ಹಬೆಯಾಡುವ ಬಾನಿಗೆ ಹಸು ಮೂತಿ ಇಟ್ಟಿತು. ಕದಿರಮ್ಮ ತನ್ನ ತಟ್ಟೆಯ ಪಕ್ಕ ಕೂತು, ತೋಳಿನ ಸೆರಗು ಸರಿಸಿ, ಕೈಗಳನ್ನು ಗಾಳಿಗೆ ಒಡ್ಡಿದಳು.